ಬಡಾವಣೆಯಲ್ಲಿ ಹಸಿ ಕಸ ಬೇರೆಯಾಗಿ ಒಯ್ಯುವ ವ್ಯವಸ್ಥೆ ಆಗಬೇಕು, ಎಲ್ಲಿಂದ ಶುರು ಮಾಡಲಿ?

ರಿಂಗ್‌ರೋಡ್ ಆಚೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೈಸೂರು ರಿಂಗ್ ರೋಡಿನ ಆಚೆ ಒಂದು ಖಾಸಗಿ ಬಡಾವಣೆಯಲ್ಲಿದೆ. ಪಾಲಿಕೆಗೆ ಸೇರಿಲ್ಲ, ಗ್ರಾಮ ಪಂಚಾಯಿತಿ ವ್ಯಾಪ್ತಿ. ಹೆಚ್ಚುಕಮ್ಮಿ 180 ಮನೆಗಳಿವೆ, ಅರ್ಧಕ್ಕರ್ಧ ಬಾಡಿಗೆಯವು. ಪಂಚಾಯಿತಿಯ ಸ್ವಚ್ಛ ವಾಹಿನಿ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ. ಒಣ ಕಸ ಮಾತ್ರ ಒಯ್ಯುತ್ತಾರೆ. ಹಸಿ ಕಸಕ್ಕೆ ಏನು ಮಾಡಲಿ ಎಂದು ಕೇಳಿದರೆ ಹಿತ್ತಲಲ್ಲಿ ಗುಂಡಿ ತೋಡಿ ಹಾಕಿಕೊಳ್ಳಿ ಅನ್ನುತ್ತಾರೆ. ಹಳ್ಳಿ ಮನೆಗೆ ಅದು ಸರಿ. 30x40 ಸೈಟಿನಲ್ಲಿ ಕಾಂಪೌಂಡಿನವರೆಗೂ ಕಟ್ಟಿ, ಮೇಲೆ ಎರಡು ಮನೆ ಬಾಡಿಗೆಗೆ ಕೊಟ್ಟಿರುವಲ್ಲಿ ಹಿತ್ತಲು ಎಲ್ಲಿದೆ?

ಹಾಗಾಗಿ ಎಲ್ಲರೂ ಕವರಿನಲ್ಲಿ ಕಟ್ಟಿ ಖಾಲಿ ಸೈಟಿಗೆ ಎಸೆಯುತ್ತಾರೆ. ಅವರೆಕಾಯಿ ಕಾಲದಲ್ಲಿ ಒಂದೊಂದು ಮನೆಯಿಂದ ಸಿಪ್ಪೆಯೇ ಚೀಲಗಟ್ಟಲೆ. ಪಕ್ಕದ ಹಳ್ಳಿಯ ದನಗಳು ಬಂದು ಕವರಿನ ಸಮೇತ ತಿನ್ನುತ್ತವೆ. ನಾಯಿಗಳು ರಸ್ತೆ ತುಂಬ ಎಳೆದಾಡುತ್ತವೆ. ಸಂಜೆ ಮಕ್ಕಳು ಆಡುವುದೂ ಅದೇ ರಸ್ತೆಯಲ್ಲಿ.

ನನ್ನ ತವರು ಮೈಸೂರಿನದೇ ವಿದ್ಯಾರಣ್ಯಪುರಂ. ಊರಿನ ಕಸ ಸುರಿಯುವ ಸೂಯೇಜ್ ಫಾರಂ ಕಡೆಯಿಂದ ಗಾಳಿ ಬೀಸಿದರೆ ನಮ್ಮಮ್ಮ ಊಟದ ಹೊತ್ತಿಗೆ ಕಿಟಕಿ ಹಾಕುತ್ತಿದ್ದರು. ದೇಶದ ಸ್ವಚ್ಛ ನಗರ ಎಂದು 2016ರಲ್ಲಿ ಮೈಸೂರಿಗೆ ಮೊದಲ ಸ್ಥಾನ ಬಂದಾಗಲೂ ಆ ಕಸದ ಗುಡ್ಡೆ ಅಲ್ಲೇ ಇತ್ತು. ನಮ್ಮ ಅಡುಗೆಮನೆ ಕಸ ಇನ್ನೊಬ್ಬರ ಊಟದ ಹೊತ್ತಿಗೆ ನಾರುವುದು ನನಗೆ ಬೇಡ.

ಸಂಘದ ಸಭೆಯಲ್ಲಿ ಎರಡು ಮಾತು ಬಂದವು. ಮನೆಗೊಂದು ಹಸಿರು ಬಕೆಟ್ ಹಂಚಿಬಿಡೋಣ, ಆಮೇಲೆ ನೋಡಿಕೊಳ್ಳೋಣ ಅನ್ನುವುದು ಒಂದು. ಒಬ್ಬರು ಟ್ರ್ಯಾಕ್ಟರಿನವರು ಮನೆಗೆ ತಿಂಗಳಿಗೆ 100 ರೂಪಾಯಿ ಕೊಟ್ಟರೆ ಎಲ್ಲವನ್ನೂ ಒಯ್ಯುತ್ತೇನೆ ಎಂದಿದ್ದಾರೆ, ಅವರಿಗೇ ಕೊಡೋಣ ಅನ್ನುವುದು ಇನ್ನೊಂದು. ಎಲ್ಲಿಗೆ ಒಯ್ಯುತ್ತೀರಿ ಎಂದು ಅವರನ್ನು ಕೇಳಿದೆ. ಸರಿಯಾದ ಉತ್ತರ ಬರಲಿಲ್ಲ. ನಮ್ಮ ಪಾರ್ಕಿನಲ್ಲಿ ಪಂಪ್‌ಹೌಸ್ ಪಕ್ಕ ಒಂದಿಷ್ಟು ಜಾಗ ಇದೆ. ಅಲ್ಲೇ ಗೊಬ್ಬರ ಮಾಡಬಹುದಾ? ಎಷ್ಟು ಜಾಗ ಬೇಕು, ವಾಸನೆ ಬರುತ್ತದಾ, ಮನೆಗೆ ಎಷ್ಟು ಹಣ ಹಾಕಬೇಕು? ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಎರಡು ಬಕೆಟ್ ಒಂದು ಚೀಲ (ಬೆಂಗಳೂರು)

ಮೇಡಂ, ಟ್ರ್ಯಾಕ್ಟರಿನವರಿಗೆ ನೀವು ಕೇಳಿದ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ. ಅದನ್ನು ಬಿಡಬೇಡಿ. ಕಸ ಎಲ್ಲಿಗೆ ಹೋಗುತ್ತದೆ ಅನ್ನುವುದು ಮೊದಲು ತೀರ್ಮಾನವಾಗಲಿ. ಬಕೆಟ್ ಹಂಚುವುದು ಕಟ್ಟಕಡೆಯ ಕೆಲಸ.

ಬೆಂಗಳೂರಿನಲ್ಲಿ ನಾವು ಇದನ್ನು ಉಲ್ಟಾ ಮಾಡಿದ್ದಕ್ಕೆ ಹಳ್ಳಿಗಳವರು ಬೆಲೆ ತೆತ್ತರು. ವರ್ಷಗಟ್ಟಲೆ ಎಲ್ಲ ಕಸವನ್ನೂ ಒಟ್ಟಿಗೆ ತುಂಬಿ ನಗರದ ಹೊರಗಿನ ಮಾವಳ್ಳಿಪುರಕ್ಕೆ ಸುರಿದರು. 2012ರಲ್ಲಿ ಅಲ್ಲಿಯವರು ಇನ್ನು ಸಾಕು ಎಂದು ತಡೆದಾಗ ನಗರದ ಬೀದಿಬೀದಿಯಲ್ಲಿ ಕಸ ಕೊಳೆಯಿತು. ಆಮೇಲೆ ಮಂಡೂರು ಅನ್ನುವ ಇನ್ನೊಂದು ಹಳ್ಳಿಗೆ ಕಳಿಸಿದರು. 2014ರಲ್ಲಿ ಮಂಡೂರಿನವರೂ ಬೀದಿಗಿಳಿದರು. ಅವರ ಬಾವಿ, ಅವರ ಕೆರೆ, ಅವರ ಮಕ್ಕಳು. ಹಸಿ, ಒಣ ಬೇರೆ ಮಾಡುವುದು ಕಡ್ಡಾಯ ಎಂದು 2012ರಲ್ಲೇ ಹೇಳಿದ್ದರು. ಆದರೆ ಹಸಿ ಕಸಕ್ಕೆ ಹಸಿರು ಬಕೆಟ್, ಪ್ಯಾಡ್, ಡೈಪರ್ ಥರದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಒಂದು ಚೀಲ ಅನ್ನುವ ಪದ್ಧತಿ ಇಡೀ ನಗರಕ್ಕೆ ಬಂದದ್ದು 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಹೇಳಿದ ಮೇಲೆ. ನಾನು ನಮ್ಮ ಬೀದಿಗಳಲ್ಲಿ ಇದರ ಹಿಂದೆ ಓಡಾಡುತ್ತಾ ಬಂದಿದ್ದೇನೆ. ಹೆಸರೂ ಅಲ್ಲಿಂದಲೇ ಇಟ್ಟುಕೊಂಡೆ.

ಈಗ ನಿಮ್ಮ ಲೆಕ್ಕಕ್ಕೆ ಬರುತ್ತೇನೆ. ಮನೆಯಲ್ಲೇ ಅಡುಗೆ ಮಾಡುವ ಒಂದು ಸಂಸಾರದಿಂದ ದಿನಕ್ಕೆ ಅರ್ಧ ಕಿಲೋದಿಂದ ಒಂದು ಕಿಲೋ ಹಸಿ ಕಸ ಬರುತ್ತದೆ. 180 ಮನೆಗೆ 120, 130 ಕಿಲೋ ಎಂದಿಟ್ಟುಕೊಳ್ಳಿ. ಅವರೆಕಾಯಿ, ಹಲಸಿನ ಕಾಲದಲ್ಲಿ ಜಾಸ್ತಿ. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ತೊಟ್ಟಿ ಕಟ್ಟಿಸಿ. ಇಟ್ಟಿಗೆಗಳ ನಡುವೆ ಸಂದು ಬಿಟ್ಟು ಕಟ್ಟಲಿ, ಗಾಳಿ ಆಡಬೇಕು. ಒಣ ಎಲೆ ಸೇರಿಸಿ ಹಾಕುತ್ತಾ ಹೋದರೆ ಒಂದು ತೊಟ್ಟಿ ತುಂಬುವುದಕ್ಕೆ ಹೆಚ್ಚುಕಮ್ಮಿ ಒಂದು ವಾರ. ಗೊಬ್ಬರ ಆಗುವುದಕ್ಕೆ 45ರಿಂದ 60 ದಿನ. ಅಂದರೆ ಒಂಬತ್ತೋ ಹತ್ತೋ ತೊಟ್ಟಿ ಬೇಕು. ಮೇಲೆ ಶೀಟು, ಕಸ ಆರಿಸುವುದಕ್ಕೆ ಒಂದು ಮೇಜು, ಎಲೆ ಚೀಲ ಇಡುವುದಕ್ಕೆ ಒಂದು ಮೂಲೆ. ಎಲ್ಲ ಸೇರಿ 30x40 ಸೈಟಿನ ಅರ್ಧ ಸಾಕು. ಪಂಪ್‌ಹೌಸ್ ಪಕ್ಕ ಅಷ್ಟು ಜಾಗ ಇದೆಯಾ ಅಳೆದು ನೋಡಿ. ಬೋರ್‌ವೆಲ್ ಇದ್ದರೆ ತೊಟ್ಟಿಯ ನೀರು ಆ ಕಡೆ ಹೋಗಬಾರದು. ನೆಲಕ್ಕೆ ಸಿಮೆಂಟ್ ಹಾಕಿ ಸಣ್ಣ ಕಾಲುವೆ ಮಾಡಿಸಿ, ಆ ನೀರು ಒಂದು ಬಕೆಟ್ಟಿಗೆ ಬೀಳಲಿ.

ವಾಸನೆ ಬಗ್ಗೆ ಕೇಳಿದಿರಿ. ಎಲ್ಲ ಕಡೆಯೂ ವಿರೋಧ ಬರುವುದು ಇದಕ್ಕೇ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಸಿ ಕಸದಲ್ಲಿ ನೀರು ಜಾಸ್ತಿ. ಅದನ್ನೇ ರಾಶಿ ಹಾಕಿದರೆ ಕೆಳಗೆ ಗಾಳಿ ಹೋಗುವುದಿಲ್ಲ. ಗಾಳಿ ಇಲ್ಲದೆ ಕೊಳೆತದ್ದು ನಾರುತ್ತದೆ. ಗಾಳಿ ಇದ್ದರೆ ಅದೇ ಕಸ ಬಿಸಿಯಾಗುತ್ತದೆ. ಚೆನ್ನಾಗಿ ನಡೆಯುವ ತೊಟ್ಟಿಯ ಒಳಗೆ 55ರಿಂದ 65 ಡಿಗ್ರಿ ಇರುತ್ತದೆ. ಒಂದು ಕಬ್ಬಿಣದ ಸರಳು ಚುಚ್ಚಿ ಐದು ನಿಮಿಷ ಬಿಟ್ಟು ಹೊರಗೆ ತೆಗೆಯಿರಿ, ಮುಟ್ಟಿದರೆ ಚುರ್ ಅನ್ನಬೇಕು. ಒಂದು ಹಿಡಿ ತೆಗೆದು ಹಿಂಡಿ ನೋಡಿ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಕಡಿಮೆಯಾಗಿದೆ ಅಂತ. ಒಂದೆರಡು ಹನಿ ಬಂದರೆ ಸರಿ. ಪುಡಿಪುಡಿಯಾಗಿ ಉದುರಿದರೆ ಸಗಣಿ ನೀರು ಚಿಮುಕಿಸಿ. ವಾರಕ್ಕೊಮ್ಮೆ ತಿರುವಿಹಾಕಬೇಕು. ಪ್ರತಿದಿನ ಕಸ ಹಾಕಿದ ಮೇಲೆ ಒಂದು ಪದರ ಎಲೆ ಮುಚ್ಚಿದರೆ ನೊಣ ಕೂರುವುದಿಲ್ಲ.

ಹೀಗಾಗಿ ನಿಮಗೆ ಬಕೆಟ್ಟಿಗಿಂತ ಮೊದಲು ಬೇಕಾದದ್ದು ಒಣ ಎಲೆ. ಫೆಬ್ರವರಿ, ಮಾರ್ಚಿನಲ್ಲಿ ಬೀದಿ ಗುಡಿಸುವವರು ಎಲೆ ರಾಶಿ ಮಾಡಿ ಬೆಂಕಿ ಇಡುತ್ತಾರೆ ಅಲ್ವಾ, ಅದನ್ನು ಸುಡಬೇಡಿ ಎಂದು ಹೇಳಿ ಚೀಲಕ್ಕೆ ತುಂಬಿಸಿಡಿ. ಮಳೆಗಾಲದಲ್ಲಿ ಒಂದು ಚೀಲ ಒಣ ಎಲೆಗೆ ಅಲೆದಾಡಬೇಕಾಗುತ್ತದೆ. ಎಲೆ ಸಿಗದಿದ್ದರೆ ತೆಂಗಿನ ನಾರಿನ ಪುಡಿ ಆಗುತ್ತದೆ, ಆದರೆ ಅದಕ್ಕೆ ದುಡ್ಡು ಕೊಡಬೇಕು.

ಇನ್ನು ಮನೆಬಾಗಿಲ ವಿಷಯ. ಇಲ್ಲೇ ವ್ಯವಸ್ಥೆ ನಿಲ್ಲುವುದು ಅಥವಾ ಬೀಳುವುದು. ಹಸಿ ಕಸದ ಗಾಡಿ ದಿನಾ ಬರಬೇಕು, ಒಂದೇ ಹೊತ್ತಿಗೆ ಬರಬೇಕು. ನಮ್ಮ ಸೆಕೆಗೆ ಅನ್ನ, ಸಾಂಬಾರು ಒಂದು ರಾತ್ರಿಗೇ ಹುಳಿಯುತ್ತದೆ. ಒಂದು ದಿನ ಗಾಡಿ ತಪ್ಪಿದರೆ ಮರುದಿನ ನಿಮ್ಮ ಖಾಲಿ ಸೈಟಿನಲ್ಲಿ ಕವರು ಬಿದ್ದಿರುತ್ತದೆ. ಬಕೆಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕುವುದು ಬೇಡವೇ ಬೇಡ. ತಳಕ್ಕೆ ಹಳೆಯ ಪೇಪರ್ ಹಾಕಲಿ, ಇಲ್ಲವೆ ಬಕೆಟ್ ತೊಳೆದುಕೊಳ್ಳಲಿ.

ಬೆರಕೆ ಕಸ ಬಂದರೆ ತೆಗೆದುಕೊಳ್ಳಬಾರದು. ಇದರಲ್ಲಿ ಸಡಿಲ ಬಿಡಬೇಡಿ. ಆದರೆ ಬೇಡ ಅನ್ನುವ ಭಾರವನ್ನು ಗಾಡಿಯವರ ತಲೆಗೆ ಕಟ್ಟಬೇಡಿ. ನಮ್ಮಲ್ಲಿ ಶುರುವಿನಲ್ಲಿ ಒಬ್ಬ ಹೆಂಗಸು ಬೆರಕೆ ಬಕೆಟ್ ವಾಪಸ್ ಕೊಟ್ಟಿದ್ದಕ್ಕೆ ಆ ಮನೆಯವರು ಬಾಯಿಗೆ ಬಂದ ಹಾಗೆ ಬೈದರು. ಜಾತಿ ಎತ್ತಿ ಆಡಿದರು. ಮರುದಿನದಿಂದ ನಾವು ಮೂರು ಜನ ಹೆಂಗಸರು ಸರದಿ ಮೇಲೆ ಗಾಡಿ ಜೊತೆ ನಡೆದೆವು. ಬಕೆಟ್ ನೋಡಿ, ಇದು ಬೇರೆ ಮಾಡಿಕೊಡಿ, ನಾಳೆ ತೆಗೆದುಕೊಳ್ಳುತ್ತಾರೆ ಎಂದು ನಾವೇ ಹೇಳಿದೆವು. ನಾವು ಹೇಳಿದಾಗ ಯಾರೂ ಬೈಯಲಿಲ್ಲ. ಈ ವ್ಯತ್ಯಾಸ ನನಗೆ ಇವತ್ತಿಗೂ ಹೊಟ್ಟೆಯುರಿಸುತ್ತದೆ. ನೀವೂ ಮೊದಲ ಕೆಲವು ವಾರ ಸಂಘದವರು ಯಾರಾದರೂ ಗಾಡಿ ಜೊತೆ ನಡೆಯಲೇಬೇಕು.

ಪ್ಯಾಡ್, ಡೈಪರ್ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಲಿ. ಕೈಹಾಕಿ ಆರಿಸುವವರೂ ಮನುಷ್ಯರು. ಬಾಡಿಗೆ ಮನೆಗಳಿಗೆ ಸಂಜೆ ಏಳರ ಮೇಲೆ ಹೋಗಿ, ಕೆಲಸಕ್ಕೆ ಹೋದವರು ಸಿಗುತ್ತಾರೆ. ಮನೆಕೆಲಸಕ್ಕೆ ಬರುವ ಅಕ್ಕಂದಿರನ್ನೂ ಕೂರಿಸಿ ಮಾತಾಡಿ. ಎಷ್ಟೋ ಮನೆಗಳಲ್ಲಿ ತರಕಾರಿ ಹೆಚ್ಚುವುದು, ಪಾತ್ರೆ ಬಳಿಯುವುದು, ಕಸ ಹಾಕುವುದು ಅವರೇ. ಯಜಮಾನರಿಗೆ ಕರಪತ್ರ ಕೊಟ್ಟು ಬಂದರೆ ಅವರಿಗೆ ವಿಷಯ ತಿಳಿಯುವುದಿಲ್ಲ.

ಹಣ: ಮನೆಗೆ 200 ರೂಪಾಯಿ ಎಂದರೆ ತಿಂಗಳಿಗೆ 36,000 ಆಗುತ್ತದೆ. ಇಬ್ಬರಿಗೆ ನ್ಯಾಯವಾದ ಸಂಬಳ, ವಾರದ ರಜೆ, ಗ್ಲೌಸು, ಗಂಬೂಟು ಎಂದರೆ ಬಹುತೇಕ ಅದರಲ್ಲೇ ಮುಗಿಯುತ್ತದೆ. 100 ರೂಪಾಯಿಗೆ ಎಲ್ಲವನ್ನೂ ಒಯ್ಯುತ್ತೇನೆ ಎನ್ನುವವರು ಯಾವುದೋ ಕೆರೆ ಅಂಗಳಕ್ಕೇ ಸುರಿಯಬೇಕಾಗುತ್ತದೆ. ಗೊಬ್ಬರ ಮಾರಿ ಸಂಬಳ ಕೊಡುತ್ತೇವೆ ಎಂದು ಯಾರಿಗೂ ಮಾತು ಕೊಡಬೇಡಿ. ಹಾಕಿದ ತೂಕದ ಐದನೇ ಒಂದು ಪಾಲೋ, ಇನ್ನೂ ಕಡಿಮೆಯೋ ಗೊಬ್ಬರವಾಗಿ ಉಳಿಯುತ್ತದೆ, ಅಷ್ಟೇ.

ಕೊಟ್ಟಿಗೆ (ತಿ. ನರಸೀಪುರ)

ನಮ್ಮದು ಹೈನುಗಾರಿಕೆ. ಒಂದು ಮಾತು ಹೇಳಬೇಕು. ಇಂಥ ಕಡೆ ಯಾರಾದರೂ ಒಬ್ಬರು 'ಹಸುಗಳಿಗೆ ಹಾಕಿಬಿಡೋಣ, ಪುಣ್ಯ ಬರುತ್ತದೆ' ಅಂದೇ ಅನ್ನುತ್ತಾರೆ. ಹಿಂದೆ ಮನೆಮನೆಯ ಕಲಗಚ್ಚು ಹಸುವಿಗೆ ಹೋಗುತ್ತಿತ್ತು ನಿಜ. ಅದು ಒಂದು ಮನೆಯ ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದು ಹಿಡಿ ಅನ್ನ. ಈಗ ಹತ್ತಾರು ಮನೆಯ ಅನ್ನ, ಚಪಾತಿ ಒಟ್ಟಿಗೆ ತಂದು ಸುರಿದರೆ ಹಸುವಿನ ಹೊಟ್ಟೆ ಹುಳಿಯಾಗುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಕೆಲವು ಸಲ ಪ್ರಾಣವೇ ಹೋಗುತ್ತದೆ. ಮದುವೆ ಮನೆಯ ಅನ್ನ ತಿಂದು ಮಲಗಿದ ಹಸು ಮತ್ತೆ ಏಳದ್ದನ್ನು ನಮ್ಮೂರಿನಲ್ಲೇ ನೋಡಿದ್ದೇವೆ. ಪ್ಲಾಸ್ಟಿಕ್ ಕವರಿನ ಕಥೆ ನಿಮಗೇ ಗೊತ್ತಿದೆ, ಹೊಟ್ಟೆಯಲ್ಲಿ ಉಂಡೆಯಾಗಿ ಕೂತುಬಿಡುತ್ತದೆ.

ಅವರೆಕಾಯಿ ಸಿಪ್ಪೆ, ಬಟಾಣಿ ಸಿಪ್ಪೆ, ಕೋಸಿನ ಎಲೆ, ಜೋಳದ ಗರಿ ಆವತ್ತಿನದು ಆವತ್ತೇ ಸಿಕ್ಕರೆ ಒಳ್ಳೆಯ ಮೇವು. ಹತ್ತಿರದ ಹಳ್ಳಿಯಲ್ಲಿ ಯಾರಾದರೂ ಬಂದು ಒಯ್ಯುವವರಿದ್ದರೆ ಅಷ್ಟನ್ನು ಬೇರೆಯಾಗಿ ಕೊಡಿ. ಹಾಗೆಯೇ ಸಗಣಿ ಬೇಕಾದಾಗ ಅವರನ್ನೇ ಕೇಳಬಹುದು. ಬೇಯಿಸಿದ್ದು ಮಾತ್ರ ಬೇಡ.

ಸ್ವಚ್ಛ ವಾಹಿನಿ ಸ್ಟೇರಿಂಗ್ (ಉಡುಪಿ ಜಿಲ್ಲೆ)

ನಾನು ಪಂಚಾಯತಿಯ ಸ್ವಚ್ಛ ವಾಹಿನಿ ಓಡಿಸುತ್ತೇನೆ. ಸಂಜೀವಿನಿ ಮಹಿಳಾ ಸಂಘಗಳ ಒಕ್ಕೂಟದಿಂದ ಡ್ರೈವಿಂಗ್ ತರಬೇತಿ ಕೊಟ್ಟರು, ಅದಕ್ಕಿಂತ ಮುಂಚೆ ನಾನು ಸೈಕಲ್ ಕೂಡ ಓಡಿಸಿದವಳಲ್ಲ. ಮೈಸೂರಿನ ಅಕ್ಕ, ನಿಮ್ಮ ಗಾಡಿಯವರು ಹಸಿ ಕಸ ಬೇಡ ಅನ್ನುವುದು ಸೋಮಾರಿತನದಿಂದ ಅಲ್ಲ, ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ. ಹೆಚ್ಚಿನ ಪಂಚಾಯತಿಗಳ ಘಟಕ ಒಣ ಕಸ ಬೇರ್ಪಡಿಸುವುದಕ್ಕೆ ಮಾಡಿದ್ದು. ನಮ್ಮ ಜಿಲ್ಲೆಯ ಹಲವು ಪಂಚಾಯತಿಗಳ ಒಣ ಕಸ ನಿಟ್ಟೆಯ ಎಂಆರ್‌ಎಫ್ ಘಟಕಕ್ಕೆ ಹೋಗುತ್ತದೆ, ಅಲ್ಲಿ ಬೆಲ್ಟಿನ ಮೇಲೆ ವಿಂಗಡಿಸುತ್ತಾರೆ. ಒಂದು ಸಾಂಬಾರಿನ ಕವರ್ ಒಡೆದರೆ ಇಡೀ ಗಾಡಿಯ ಕಾಗದ, ರಟ್ಟು ಹಾಳು. ಹಾಳಾದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ.

ಇಲ್ಲಿ ಹೆಚ್ಚಿನ ಮನೆಯವರು ಹಸಿ ಕಸ ತೆಂಗಿನ ಬುಡಕ್ಕೆ ಹಾಕುತ್ತಾರೆ. ಪೇಟೆ ಬದಿಯ ಫ್ಲಾಟ್, ಹೋಟೆಲುಗಳಿಗೆ ಅದು ಆಗುವುದಿಲ್ಲ. ನಮ್ಮ ಜಿಲ್ಲೆಯ ವಂಡ್ಸೆ ಪಂಚಾಯತಿಯಲ್ಲಿ ಹಸಿ, ಒಣ ಕಸ ಎರಡನ್ನೂ ಉಪಯೋಗಕ್ಕೆ ತರುವ ಎಸ್‌ಎಲ್‌ಆರ್‌ಎಂ ಶುರುವಾದಾಗ ಸುತ್ತಲಿನ ಊರಿನವರೆಲ್ಲ ನೋಡಿ ಬಂದರು. ಹಸಿ ಕಸವನ್ನೂ ಮನೆಯಿಂದ ತಂದು ಗೊಬ್ಬರ ಮಾಡಬಹುದು, ಅದು ಹೆಂಗಸರಿಗೆ ಕೆಲಸವೂ ಆಗುತ್ತದೆ ಎಂದು ನಮಗೆ ಧೈರ್ಯ ಬಂದದ್ದು ಅಲ್ಲಿಂದ.

ನೀವು ಪಿಡಿಒ ಅವರಿಗೆ ಸುಮ್ನೆ ಬಾಯಲ್ಲಿ ಹೇಳಿ ಬಂದರೆ ಆಗಲಿಕ್ಕಿಲ್ಲ. ವಾರ್ಡ್ ಸಭೆಯಲ್ಲಿ ಎತ್ತಿ, ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಿಸಿ, ಕ್ರಿಯಾ ಯೋಜನೆಗೆ ಸೇರಿಸಲಿಕ್ಕೆ ಹೇಳಿ. ಪಾರ್ಕಿನ ಜಾಗ ಯಾರ ಹೆಸರಿನಲ್ಲಿದೆ ಎಂದೂ ನೋಡಿ, ಪಂಚಾಯತಿಗೆ ಬರೆದುಕೊಟ್ಟಿದ್ದರೆ ಅನುಮತಿ ಇಲ್ಲದೆ ತೊಟ್ಟಿ ಕಟ್ಟಲಿಕ್ಕೆ ಬರುವುದಿಲ್ಲ. ಗಾಡಿಯ ಬಗ್ಗೆ ಒಂದೇ ಮಾತು: ಮುಚ್ಚಳ ಇರುವ ಡ್ರಮ್ಮುಗಳನ್ನು ಇಡಿ. ಹಸಿ ಕಸವನ್ನು ನೇರ ಗಾಡಿಗೇ ಸುರಿದರೆ ರಸ್ತೆ ಉದ್ದಕ್ಕೂ ನೀರು ಸೋರುತ್ತದೆ. ಆ ಮೇಲೆ ಎತ್ತಿ ಇಳಿಸುವವಳ ಸೊಂಟ ಹೋಗುತ್ತದೆ. ದೊಡ್ಡ ಡ್ರಮ್ ಬೇಡ, ಇಬ್ಬರು ಹೆಂಗಸರು ಎತ್ತುವಷ್ಟೇ ಇರಲಿ.

ಕಾರ್ಡಿಫ್ ಕನ್ನಡಿಗ

ಇಲ್ಲಿ ವೇಲ್ಸ್‌ನಲ್ಲಿ ಆಹಾರದ ಕಸ ಬೇರೆಯಾಗಿ ಒಯ್ಯುವುದು ಹಳೆಯ ರೂಢಿ. ಪಕ್ಕದ ಇಂಗ್ಲೆಂಡಿನಲ್ಲಿ ಎಲ್ಲ ಮನೆಗಳಿಂದ ವಾರಕ್ಕೊಮ್ಮೆ ಒಯ್ಯಬೇಕು ಎಂದು 2026ರ ಮಾರ್ಚ್ 31ರ ಗಡುವು ಹಾಕಿದರು. ಅಡುಗೆಮನೆಯಲ್ಲಿ ಒಂದು ಪುಟ್ಟ ಡಬ್ಬ, ಹೊರಗೆ ಸ್ವಲ್ಪ ದೊಡ್ಡದು. ಹೊರಗಿನದರ ಹಿಡಿಯನ್ನು ಮುಂದಕ್ಕೆ ತಂದರೆ ಮುಚ್ಚಳ ಬಿಗಿಯಾಗುತ್ತದೆ, ನರಿಗಳು ತೆಗೆಯಲಾರವು. ನಿಮ್ಮ ನಾಯಿಗಳ ಕಾಟಕ್ಕೆ ಅಂಥ ಮುಚ್ಚಳ ಸಿಕ್ಕರೆ ನೋಡಿ. ಇಲ್ಲಿ ಆ ಕಸದಿಂದ ಗ್ಯಾಸ್ ತೆಗೆದು ಕರೆಂಟ್ ಮಾಡುತ್ತಾರೆ, ಉಳಿದದ್ದು ಹೊಲಕ್ಕೆ ಹೋಗುತ್ತದೆ. ಚಳಿ ದೇಶ, ಅದಕ್ಕೆ ವಾರಕ್ಕೊಮ್ಮೆ ಸಾಕು. ಇನ್ನೊಂದು ವಿಷಯ ನಿಮಗೆ ಉಪಯೋಗಕ್ಕೆ ಬರಬಹುದು. ಆಹಾರದ ಕಸ ಬೇರೆ ಹೋದರೆ ಉಳಿದದ್ದು ನಾರುವುದಿಲ್ಲ. ಇಲ್ಲಿನ ಕೆಲವು ಊರುಗಳಲ್ಲಿ ಉಳಿದ ಕಸಕ್ಕೆ ಮೂರು ವಾರಕ್ಕೊಮ್ಮೆ ಮಾತ್ರ ಗಾಡಿ ಬರುತ್ತದೆ. ನಿಮ್ಮ ಪಂಚಾಯಿತಿಯ ಗಾಡಿ ವಾರಕ್ಕೆರಡು ಸಲ ಬರುವುದು ಧಾರಾಳವಾಯಿತು, ಅದನ್ನು ಹೆಚ್ಚಿಸಿ ಎಂದು ಕೇಳುವ ಅಗತ್ಯವಿಲ್ಲ.

ರಿಂಗ್‌ರೋಡ್ ಆಚೆ (ಮೈಸೂರು)

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇವತ್ತೇ ಟೇಪ್ ಹಿಡಿದು ಅಳೆದೆವು. ಪಂಪ್‌ಹೌಸ್ ಪಕ್ಕ ಎಂಟು ತೊಟ್ಟಿಗೆ ಆಗುವಷ್ಟು ಜಾಗ ಇದೆ, ಬೋರ್‌ವೆಲ್ ಪಾರ್ಕಿನ ಇನ್ನೊಂದು ತುದಿಯಲ್ಲಿದೆ. ಪಾರ್ಕು ಪಂಚಾಯಿತಿ ಹೆಸರಿನಲ್ಲೇ ಇದೆ. ಉಡುಪಿಯ ತಂಗಿ ಹೇಳಿದ್ದು ಒಳ್ಳೆಯದಾಯಿತು, ಮೊದಲು ಪಿಡಿಒ ಅವರಿಗೆ ಬರವಣಿಗೆಯಲ್ಲಿ ಕೊಡುತ್ತೇವೆ. ಗಾಡಿಗೆ ಬರುವ ಹೆಣ್ಣುಮಗಳ ಹತ್ತಿರವೂ ಕೂತು ಮಾತಾಡಬೇಕು, ಇಷ್ಟು ದಿನ ಅವರನ್ನು ಯಾರೂ ಒಂದು ಮಾತು ಕೇಳಿಲ್ಲ.

ಬೆಂಗಳೂರಿನ ಮೇಡಂ, ಇನ್ನು ಮೂರು ವಿಷಯ. ಮಾಂಸದ ಮೂಳೆ ಹಾಕಬಹುದಾ? ಎಳನೀರು ಬುರುಡೆ? ಆಯುಧಪೂಜೆ ದಿನ ಬಾಳೆಕಂದು, ಒಡೆದ ಬೂದುಗುಂಬಳ ಬೀದಿ ತುಂಬ ಇರುತ್ತದಲ್ಲ, ಅದಕ್ಕೆ ಏನು ಮಾಡುತ್ತೀರಿ? ಮೈಸೂರಿನಲ್ಲಿ ದಸರಾ ಅಂದರೆ ಕೇಳಬೇಕೇ.

ಎರಡು ಬಕೆಟ್ ಒಂದು ಚೀಲ (ಬೆಂಗಳೂರು)

ಎಂಟು ತೊಟ್ಟಿ ಇದ್ದರೆ ಎಲ್ಲ ಮನೆಗೂ ಒಟ್ಟಿಗೆ ಶುರು ಮಾಡಬೇಡಿ. ಎರಡು ಕ್ರಾಸ್ ತೆಗೆದುಕೊಳ್ಳಿ. ಮೊದಲ ತೊಟ್ಟಿಯ ಗೊಬ್ಬರ ಹೊರಗೆ ಬಂದ ಮೇಲೆ ಅದನ್ನೇ ಉಳಿದ ಮನೆಗಳಿಗೆ ಕೈಯಲ್ಲಿ ಕೊಟ್ಟು ತೋರಿಸಿ. ಮಣ್ಣಿನ ವಾಸನೆ ಬರುವುದನ್ನು ಮೂಸಿ ನೋಡಿದ ಮೇಲೆ ಪಾರ್ಕಿನ ಎದುರು ಮನೆಯವರೂ ತಕರಾರು ಬಿಡುತ್ತಾರೆ.

ಕೋಳಿ, ಮೀನಿನ ಮೂಳೆ ಬಿಸಿ ತೊಟ್ಟಿಯ ನಡುಮಧ್ಯೆ ಹೂತರೆ ತೊಂದರೆ ಇಲ್ಲ. ಮೇಲೆ ಬಿಟ್ಟರೆ ನಾಯಿ, ಹೆಗ್ಗಣ ಬರುತ್ತವೆ. ಮಟನ್ ಮೂಳೆ ಕರಗುವುದಿಲ್ಲ, ಜರಡಿಯಲ್ಲಿ ಸಿಗುತ್ತದೆ, ಆಗ ತೆಗೆಯಿರಿ. ಎಳನೀರು ಬುರುಡೆ, ತೆಂಗಿನ ಚಿಪ್ಪು ತೊಟ್ಟಿಗೆ ಬೇಡ. ಒಣಗಿಸಿಟ್ಟರೆ ಹಂಡೆ ಒಲೆ ಇರುವವರು ಒಯ್ಯುತ್ತಾರೆ.

ಆಯುಧಪೂಜೆಗೆ ಒಂದು ವಾರ ಮುಂಚೆ ಒಂದು ತೊಟ್ಟಿ ಖಾಲಿ ಮಾಡಿ ಇಟ್ಟುಕೊಳ್ಳಿ. ಬೂದುಗುಂಬಳದಲ್ಲಿ ಇಟ್ಟ ಕಾಸು ತೆಗೆದು, ತುಂಡು ಮಾಡಿ ಹಾಕಿ. ಅದು ಬರೀ ನೀರು, ಎಲೆ ಎರಡರಷ್ಟು ಬೇಕು. ಬಾಳೆಕಂದು ಹಾಗೇ ಹಾಕಿದರೆ ತಿಂಗಳಾದರೂ ಕೊಳೆಯುವುದಿಲ್ಲ, ಮಚ್ಚಿನಲ್ಲಿ ಗೇಣುದ್ದ ಕತ್ತರಿಸಿ ಎರಡಾಗಿ ಸೀಳಬೇಕು. ಇಲ್ಲವೆ ಕೊಟ್ಟಿಗೆ ಸರ್ ಥರದವರು ಹತ್ತಿರ ಇದ್ದರೆ ಕೇಳಿ, ಕುಂಕುಮ ಬಳಿಯದ ಕಂದನ್ನು ಮೇವಿಗೆ ಒಯ್ಯುತ್ತಾರೆ. ಹೂವಿನ ಹಾರದ ದಾರ ತೆಗೆದೇ ಕೊಡಬೇಕು ಎಂದು ಮನೆಗಳಿಗೆ ಮೊದಲೇ ತಿಳಿಸಿ. ನೈಲಾನ್ ದಾರ ತಿರುವಿಹಾಕುವ ಸಲಿಕೆಗೆ ಸುತ್ತಿಕೊಳ್ಳುತ್ತದೆ. ಮತ್ತೆ ಆ ವಾರ ಗಾಡಿಯವರಿಗೂ ಹಬ್ಬ. ಅವರಿಗೆ ಯಾವ ದಿನ ರಜೆ ಎಂದು ಈಗಲೇ ಕೇಳಿ, ಆವತ್ತು ಬಕೆಟ್ ತಂದು ತೊಟ್ಟಿ ಹತ್ತಿರ ಕೊಡಬೇಕು ಎಂದು ಎಲ್ಲ ಮನೆಗೂ ಹೇಳಿಬಿಡಿ.